ಬಾಟಲಿಯೊಳಗಿನ ಕಾಲುಗಳು

ರಾಜಾಜಿನಗರದ ಆ ಮಹಡಿ ಕೋಣೆಗೆ ಕಾಲಿಟ್ಟರೆ ಸಾಕು, ಸುಟ್ಟ ರಾಳದ ವಾಸನೆ. ಮೇಜಿನ ಮೂಲೆಯಲ್ಲಿ ಉಪ್ಪಿನಕಾಯಿಯ ಹಳೇ ಬಾಟಲಿ. ಅದರ ತುಂಬ ಸೋಲ್ಡರ್ ಆದಮೇಲೆ ಕತ್ತರಿಸಿದ ರೆಸಿಸ್ಟರ್ ಕಾಲುಗಳು. ಗೆಳೆಯ ಒಂದನ್ನೂ ಎಸೆಯುವುದಿಲ್ಲ. ನಾಳೆ ಅವೇ ಜಂಪರುಗಳು.

ಈಗ ಅವನು ಬಿಡಿಸುತ್ತಿರುವುದು ಸಂಪಿನ ಮೋಟರನ್ನು ತಾನಾಗಿ ಆನ್, ಆಫ್ ಮಾಡುವ ಬೋರ್ಡು. ಅಗ್ಗದ ಕಂದು ಹಾಳೆ, ತಾಮ್ರ ಒಂದೇ ಮಗ್ಗುಲಿಗೆ. ಗೆರೆಗೆ ಗೆರೆ ಅಡ್ಡ ಬಂದರೆ ದಾಟಲು ದಾರಿಯೇ ಇಲ್ಲ, ಮೇಲಿಂದ ತಂತಿ ಹಾರಿಸಬೇಕು, ಅದೇ ಜಂಪರು. ಬೋರ್ಡು ಬಿಡಿಸುವ ತಂತ್ರಾಂಶ ಕಿಕ್ಯಾಡ್‌ಗೆ ಮಾತ್ರ ಮೇಲೆಯೂ ತಾಮ್ರವಿದೆಯೆಂದು ಸುಳ್ಳು ಹೇಳಿದ್ದಾನೆ. ಪರದೆಯಲ್ಲಿ ನೀಲಿ ಗೆರೆಗಳು ನಿಜದ ತಾಮ್ರ. ಕೆಂಪು ಒಂದೊಂದೂ ಒಂದು ತಂತಿ. ಕೊನೆಗೆ ಆ ಕೆಂಪನ್ನು ಬೋರ್ಡಿನ ಬಿಳಿ ಅಚ್ಚಿಗೂ ಇಳಿಸಬೇಕು. ಮರೆತರೆ ಜೋಡಿಸುವ ಹುಡುಗಿಗೆ ತೂತು ಕಾಣುತ್ತದೆ, ಯಾವುದಕ್ಕೆ ಯಾವುದು ಜೋಡಿ ಎಂಬುದು ಕಾಣದು.

ಮೊದಲ ಸುತ್ತಿಗೆ ಹನ್ನೊಂದು ಕೆಂಪು. ಎಲ್ಲ ಓರೆಕೋರೆ. ಒಂದಂತೂ ಐಸಿಯ ಹೊಟ್ಟೆಯಡಿಗೇ ನುಗ್ಗಿದೆ. ಅವನು ಗೆರೆಗೆ ಕೈ ಹಾಕಲಿಲ್ಲ, ಟ್ರಾನ್ಸಿಸ್ಟರನ್ನು ಅರ್ಧ ಸುತ್ತು ತಿರುಗಿಸಿದ. ಎರಡು ಮಾಯ. ಮಲಗಿದ ರೆಸಿಸ್ಟರಿನ ಎರಡು ಕಾಲುಗಳ ನಡುವೆ 10 ಮಿ.ಮೀ. ಜಾಗ, ಟ್ರ್ಯಾಕುಗಳನ್ನು ಅಲ್ಲಿ ನುಸುಳಿಸಿದ. ಐದು ಹೋದವು. ರೆಸಿಸ್ಟರೂ ಒಂದು ಸೇತುವೆಯೇ ತಾನೆ, ಅದೂ ಪುಕ್ಕಟೆ!

"ಈ ಗ್ರೌಂಡಿಗೊಂದು ಹಾಕ್ಬಿಡು, ಮುಗೀತು" ಎಂದೆ.

"ಬೇಡ ಗುರು. ರಿಲೇ ಕರೆಂಟೆಲ್ಲ ಅದರಲ್ಲೇ ವಾಪಸ್ ಬರೋದು. ಸೆನ್ಸರ್ ಗೆರೆ ಹಾರಲಿ ಬಿಡು."

ರಿಲೇಯ ಆಚೆ ಬದಿ, 230 ವೋಲ್ಟ್ ಓಡಾಡುವ ಕಡೆ, ಬರಿ ತಂತಿಯ ಸುಳಿವೇ ಇಲ್ಲ.

ಉಳಿದದ್ದು ನಾಲ್ಕು. ಅವನ್ನು ಎಳೆದಾಡಿ ಎಲ್ಲಕ್ಕೂ ಒಂದೇ ಉದ್ದ, 10.16 ಮಿ.ಮೀ., ಒಂದೇ ದಿಕ್ಕು ಮಾಡಿದ. ಒಂದೇ ಅಚ್ಚಿನಲ್ಲಿ ನೂರು ತಂತಿ ಬಗ್ಗಿಸಬಹುದಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಇದೇ ಜಾಗಕ್ಕೆ ಸೊನ್ನೆ ಓಮಿನ ರೆಸಿಸ್ಟರ್ ಕೂರುತ್ತದೆ: ಮೈಮೇಲೆ ಒಂಟಿ ಕಪ್ಪು ಪಟ್ಟಿ, ಒಳಗೆ ಹೆಚ್ಚುಕಮ್ಮಿ ಬರಿ ತಂತಿಯೇ. ರೆಸಿಸ್ಟರ್ ಕೂರಿಸುವ ಯಂತ್ರವೇ ಇದನ್ನೂ ಕೂರಿಸಲಿ ಎಂದು ಈ ವೇಷ. ಪ್ರತಿರೋಧವಿಲ್ಲದ ಪ್ರತಿರೋಧಕ, ಹೆಸರು ಕೇಳಿದಾಗೆಲ್ಲ ನನಗೆ ನಗು.

ವಾರ ಕಳೆದು ಬೋರ್ಡು ಬಂತು. ಬಾಟಲಿ ಬಗ್ಗಿಸಿ ನಾಲ್ಕು ಕಾಲು ಆರಿಸಿದ, ಒಂದನ್ನು ಇಕ್ಕಳದ ಜೊತೆ ನನ್ನ ಕೈಗಿಟ್ಟ. ಬಗ್ಗಿಸಿದೆ. ಗಿಡ್ಡವಾಯಿತು. ಮಾತಾಡದೆ ಇನ್ನೊಂದು ಕೊಟ್ಟ.