ಬಸವನಹುಳು ಅಪರಾಧಿಯಲ್ಲ, ಮೊದಲ ರೋಗಿ

ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಯಂಥ ಮಳೆ ಕಡಿಮೆಯ ಸೀಮೆಯಲ್ಲಿ ನೀರಿನಿಂದ ಬರುವ ಜಂತುರೋಗಕ್ಕೆ ಏನು ಕೆಲಸ ಎನ್ನಿಸುವುದು ಸಹಜ. ಆದರೆ ಈ ರೋಗಕ್ಕೆ ಬೇಕಾದದ್ದು ಹೆಚ್ಚು ನೀರಲ್ಲ, ಒಂದೇ ಕಡೆ ನಿಂತ ನೀರು. ಬೇಸಿಗೆಯಲ್ಲಿ ಕೆರೆ ಬತ್ತುತ್ತಾ ಬಂದಾಗ ಹಸಿರು ಹುಲ್ಲು ಉಳಿಯುವುದು ಅದರ ಅಂಚಿನಲ್ಲಿ ಮಾತ್ರ. ಕುರಿ, ದನ, ಎಮ್ಮೆಗಳೆಲ್ಲ ಅಲ್ಲೇ ಮೇಯುತ್ತವೆ, ಅಲ್ಲೇ ಕುಡಿಯುತ್ತವೆ, ಅಲ್ಲೇ ಸಗಣಿ ಹಾಕುತ್ತವೆ. ಬಸವನಹುಳುಗಳೂ ಅಲ್ಲೇ ಗುಂಪುಗೂಡುತ್ತವೆ. ಬರ ಬಂದಾಗ ರೋಗ ದೂರವಾಗುವುದರ ಬದಲು ಇಕ್ಕಟ್ಟಾದ ಜಾಗದಲ್ಲಿ ಬಲಿಯುತ್ತದೆ. ತುಂಗಭದ್ರಾ ಹಿನ್ನೀರಿನ ಹಗರಿಬೊಮ್ಮನಹಳ್ಳಿ ಮತ್ತು ಹೂವಿನಹಡಗಲಿ ಕಡೆ ನೀರು ಸರಿದಂತೆ ತೆರೆದುಕೊಳ್ಳುವ ಹಸಿ ನೆಲದಲ್ಲೂ ಈ ಅಪಾಯ ಇದ್ದೇ ಇದೆ.

ಲಿವರ್ ಫ್ಲೂಕ್ ಎಂಬ ಚಪ್ಪಟೆ ಹುಳುವನ್ನೇ ನೋಡಿ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಫ್ಯಾಸಿಯೋಲಾ ಜೈಗ್ಯಾಂಟಿಕಾ ಜಾನುವಾರಿನ ಪಿತ್ತನಾಳದಲ್ಲಿ ಬೆಳೆಯುತ್ತದೆ. ಅದರ ಮೊಟ್ಟೆ ಸಗಣಿಯೊಂದಿಗೆ ಹೊರಬಂದು, ನೀರು ಸೇರಿದರೆ ಒಡೆಯುತ್ತದೆ. ಅದರಿಂದ ಈಜುತ್ತಾ ಹೊರಟ ಮರಿಗೆ ಸುಮಾರು ಒಂದು ದಿನದೊಳಗೆ ಲಿಮ್ನಿಯಾ ಜಾತಿಯ ಬಸವನಹುಳು ಸಿಗಬೇಕು, ಇಲ್ಲದಿದ್ದರೆ ಸಾಯುತ್ತದೆ. ಸಿಕ್ಕರೆ ಮೃದುವಾದ ಮೈ ಕೊರೆದು ಒಳನುಗ್ಗಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಒಳಗೆ ಹುಟ್ಟುವ ರೀಡಿಯಾ ಎಂಬ ಮರಿಗಳಿಗೆ ಬಾಯಿಯೂ ಇದೆ. ಅವು ಬಸವನಹುಳುವಿನ ಜೀರ್ಣಗ್ರಂಥಿಯನ್ನೂ ಜನನಾಂಗವನ್ನೂ ತಿನ್ನುತ್ತವೆ. ಬಸವನಹುಳು ಬದುಕಿರುತ್ತದೆ, ಆದರೆ ಅದರ ಸಂತಾನಶಕ್ತಿ ಕುಂದುತ್ತದೆ, ಎಷ್ಟೋ ಸಲ ಪೂರ್ತಿ ನಿಂತೇಹೋಗುತ್ತದೆ. ಅದು ತಿಂದ ಆಹಾರವೆಲ್ಲ ಜಂತುವಿನ ಮರಿಗಳನ್ನು ಸಾಕಲು ಹೋಗುತ್ತದೆ. ಒಳಹೊಕ್ಕ ಒಂದೇ ಮರಿಯಿಂದ ನೂರಾರು ಬಾಲದ ಮರಿಗಳು ಹೊರಬರುತ್ತವೆ. ಅವು ನೀರಂಚಿನ ಹುಲ್ಲಿನೆಸಳಿಗೆ ಅಂಟಿ, ಬಾಲ ಕಳಚಿ, ಗಟ್ಟಿ ಕವಚ ಕಟ್ಟಿಕೊಂಡು, ಸಣ್ಣ ಚುಕ್ಕೆಗಳಾಗಿ ಕಾಯುತ್ತವೆ. ಆ ಹುಲ್ಲನ್ನು ಕುರಿ ಮೇದರೆ ಮರಿಗಳು ಕರುಳು ಕೊರೆದು ಯಕೃತ್ತಿಗೆ ದಾಟುತ್ತವೆ. ಕುರಿ ರಕ್ತಹೀನವಾಗಿ ಸೊರಗುತ್ತದೆ, ದವಡೆಯ ಕೆಳಗೆ ನೀರು ತುಂಬಿ ಬಾವು ಬರುತ್ತದೆ.

ಕಡಲ ಸಿಂಪಿಗಳ ಕಥೆಯೂ ಬೇರೆಯಲ್ಲ. ಬ್ಯುಸೆಫಾಲಸ್ ಎಂಬ ಚಪ್ಪಟೆ ಹುಳುವಿನ ಮರಿಗಳು ಸಿಂಪಿಯ ಜನನಾಂಗವನ್ನು ಆಕ್ರಮಿಸಿ ಅದನ್ನು ಬಂಜೆಯಾಗಿಸುತ್ತವೆ. ಅಮೆರಿಕದಲ್ಲಿ 1950ರಲ್ಲಿ ವಿವರಿಸಲಾದ ಪರ್ಕಿನ್ಸಸ್ ಎಂಬ ಏಕಕೋಶ ಜೀವಿಗೆ ನಡುವೆ ಬೇರೆ ಪ್ರಾಣಿಯೇ ಬೇಡ. ಅದು ಸಿಂಪಿಯಿಂದ ಸಿಂಪಿಗೆ ನೇರವಾಗಿ ಹರಡಿ ರಾಶಿರಾಶಿಯಾಗಿ ಕೊಲ್ಲುತ್ತದೆ. ಸಿಂಪಿ ಸತ್ತರೆ ಅದನ್ನು ರೋಗಿ ಎನ್ನುತ್ತೇವೆ. ಅದರ ಬಂಧುವೇ ಆದ ಬಸವನಹುಳುವನ್ನು ಮಾತ್ರ ರೋಗದ ಮೂಲ ಎಂದು ದೂರುತ್ತೇವೆ. ಈ ನೋಟದ ತಪ್ಪಿನಿಂದಲೇ ಪರಿಹಾರವೂ ದಾರಿ ತಪ್ಪುತ್ತದೆ.

ಕೆರೆಯಂಚಿನ ಎರಡನೆಯ ಜಂತುರೋಗ ದನಗಳ ಗೊರಕೆ ರೋಗ. 1933ರಲ್ಲಿ ಎಂ.ಎ.ಎನ್. ರಾವ್ ಇದರ ಹುಳುವನ್ನು ವಿವರಿಸಿ ಷಿಸ್ಟೊಸೋಮಾ ನೇಸಾಲೆ ಎಂದು ಹೆಸರಿಟ್ಟರು. ಹುಳು ಮೂಗಿನ ರಕ್ತನಾಳಗಳಲ್ಲಿ ನೆಲೆಸಿ ಹೂಕೋಸಿನಂಥ ಗೆಡ್ಡೆ ಬೆಳೆಸುವುದರಿಂದ ದನ ಉಸಿರಾಡಿದಾಗಲೆಲ್ಲ ಗೊರಕೆಯ ಸದ್ದು ಬರುತ್ತದೆ. ಇಲ್ಲಿ ಮೊಟ್ಟೆ ಸಗಣಿಯಲ್ಲಲ್ಲ, ಸಿಂಬಳದಲ್ಲಿ ಹೊರಬೀಳುತ್ತದೆ. ಕೆರೆಗೆ ಮೂತಿಯಿಟ್ಟು ಕುಡಿಯುವ ದನವೇ ಅದನ್ನು ನೀರಿಗೆ ಬಿಡುತ್ತದೆ. ಇಂಡೋಪ್ಲ್ಯಾನಾರ್ಬಿಸ್ ಎಂಬ ಚಕ್ರಾಕಾರದ ಬಸವನಹುಳುವಿನಲ್ಲಿ ಬೆಳೆದ ಮರಿಗಳು ನೀರಿಗಿಳಿದ ದನದ ಚರ್ಮವನ್ನೇ ಕೊರೆದು ಒಳಸೇರುತ್ತವೆ.

ಹಾಗಾದರೆ ಬಸವನಹುಳುಗಳನ್ನೇ ಕೊಂದರಾಯಿತಲ್ಲ ಎಂಬ ವಾದವಿದೆ. ಮೈಲುತುತ್ತದಿಂದ ಅವು ಸಾಯುವುದು ನಿಜ, ಜತೆಗೆ ಮೀನೂ ಸಾಯುತ್ತದೆ. 2024ರಲ್ಲಿ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಂಥ ಕೆರೆಯಲ್ಲಿ ಮೀನನ್ನೇ ನಂಬಿದ ಹಕ್ಕಿಗಳ ಗತಿಯೇನು? ಇಷ್ಟಾದರೂ ಗೆಲುವು ಖಚಿತವಿಲ್ಲ. ಇಂಡೋಪ್ಲ್ಯಾನಾರ್ಬಿಸ್ ದ್ವಿಲಿಂಗಿ, ಒಂದೇ ಉಳಿದರೂ ಸಂತತಿ ಬೆಳೆಸಬಲ್ಲದು. ಕೆರೆ ಒಣಗಿದರೆ ಕೆಸರಿನಲ್ಲಿ ಹುದುಗಿ ಮಳೆಗೆ ಕಾಯಬಲ್ಲದು. ಇನ್ನು ಜಂತಿನ ಔಷಧಿ ಸಾಲದೇ ಎಂಬ ಪ್ರಶ್ನೆ. ಔಷಧಿ ಬೇಕೇ ಬೇಕು, ಆದರೆ ಯಾವುದು, ಯಾವಾಗ ಎಂಬುದನ್ನು ಪಶುವೈದ್ಯರು ಹೇಳಬೇಕು. ಆಕ್ಸಿಕ್ಲೋಜನೈಡ್‌ನಂಥ ಔಷಧಿ ಬಲಿತ ಫ್ಲೂಕ್‌ಗಳನ್ನು ಕೊಲ್ಲುತ್ತದೆ, ಯಕೃತ್ತಿನಲ್ಲಿ ಅಲೆಯುವ ಎಳೆಯವು ಬಹುಪಾಲು ಉಳಿಯುತ್ತವೆ. ಹುಲ್ಲಿನ ಮೇಲೆ ಕಾಯುವ ಚುಕ್ಕೆಗಳನ್ನಂತೂ ಕುರಿಗೆ ಕುಡಿಸಿದ ಔಷಧಿ ಮುಟ್ಟುವುದೇ ಇಲ್ಲ. ಇಂದು ಔಷಧಿ ಕುಡಿದ ಕುರಿ ನಾಳೆ ಅದೇ ಅಂಚಿನಲ್ಲಿ ಮೇದರೆ ಮತ್ತೆ ರೋಗ ಹತ್ತುತ್ತದೆ.

ಈ ಸರಪಳಿಯ ಸಡಿಲ ಕೊಂಡಿ ಇರುವುದು ಜಾನುವಾರು ಮತ್ತು ಕೆರೆಯಂಚು ಕೂಡುವ ಜಾಗದಲ್ಲಿ. ಕೊಳವೆಬಾವಿಯ ನೀರನ್ನು ಎತ್ತರದ ತೊಟ್ಟಿಗೆ ಬಿಟ್ಟು ಕುಡಿಸಿದರೆ ಸಿಂಬಳ ಕೆರೆಗೆ ಬೀಳದು, ದನದ ಕಾಲು ನೀರಿಗಿಳಿಯದು. ಸಗಣಿ ತಿಪ್ಪೆ ಸೇರಿ ಚೆನ್ನಾಗಿ ಕಳಿತರೆ ಒಳಗಿನ ಕಾವಿಗೆ ಮೊಟ್ಟೆಗಳು ಸಾಯುತ್ತವೆ. ಅಂಚಿನ ಹುಲ್ಲನ್ನು ಕೊಯ್ದು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಹಾಕಿದರೆ ಅಪಾಯ ಬಹಳ ಕಡಿಮೆ. ನೂರಾರು ಕುರಿಗಳ ಹಿಂಡನ್ನು ಕೆರೆಯಿಂದ ಪೂರ್ತಿ ದೂರವಿಡುವುದು ಕುರಿಗಾಹಿಗೆ ಸಾಧ್ಯವಿಲ್ಲ ಎಂಬ ಮಾತು ಒಪ್ಪತಕ್ಕದ್ದೇ. ಅದಕ್ಕಾಗಿಯೇ ತೊಟ್ಟಿಯ ಹೊಣೆ ಒಬ್ಬ ಸಾಕಣೆದಾರನದಲ್ಲ, ಊರಿನದು. ಗ್ರಾಮ ಪಂಚಾಯಿತಿಗಳು ಕೆರೆಯ ಹೂಳೆತ್ತುವಾಗ ದಂಡೆಯ ಮೇಲೊಂದು ದನದ ತೊಟ್ಟಿಯನ್ನೂ ಕಟ್ಟಿಸಲಿ, ಕಟ್ಟಿಸಿದ್ದಕ್ಕೆ ದಿನಾಲೂ ನೀರು ಬಿಡಿಸಲಿ.