ಮುರಕಲ್ಲು, ಶೇಡಿ, ಪಂಚಾಂಗ: ಅಡಿಪಾಯದ ಇಳಿತದ ಗಣನೆ ಮತ್ತು ಜನಪದ ಜ್ಞಾನ

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ಪರಿಸರದಲ್ಲಿ ಮನೆಯ ಅಡಿಪಾಯಕ್ಕೆ ‘ಪಂಚಾಂಗ’ ಎನ್ನುತ್ತಾರೆ. ಮೊದಲ ಕಲ್ಲನ್ನಿಡುವ ವಿಧಿ ‘ಕೆಸರುಕಲ್ಲು’. ಈ ವಿಧಿಯ ಆಚರಣೆಯ ಕಡೆಗೆ ಜಾನಪದ ವಿದ್ವಾಂಸರು ಗಮನ ಹರಿಸುತ್ತೇವೆ. ಆದರೆ ಆ ಕಲ್ಲು ಯಾವ ಮಣ್ಣಿನ ಮೇಲೆ ಕೂರುತ್ತದೆ, ಕೂತ ಮೇಲೆ ಎಷ್ಟು ಇಳಿಯುತ್ತದೆ ಎಂಬ ಪ್ರಶ್ನೆಯನ್ನು ಎಂಜಿನಿಯರುಗಳಿಗೆ ಬಿಟ್ಟುಕೊಟ್ಟಿದ್ದೇವೆ. ಹಾಗೆ ಬಿಟ್ಟುಕೊಟ್ಟದ್ದು ಸರಿಯಲ್ಲವೆಂಬುದು ಪ್ರಸ್ತುತ ಲೇಖನದ ನಿಲುವು.

ಈ ಭಾಗದ ಗುಡ್ಡಗಳ ಮೇಲ್ಪದರವು ಬಹುಮಟ್ಟಿಗೆ ಮುರಕಲ್ಲು. ಗಾಳಿಗೆ ಒಡ್ಡಿದಷ್ಟೂ ಗಟ್ಟಿಯಾಗುವ ಗುಣ ಅದಕ್ಕಿದೆ. ಅದರ ಕೆಳಗೆ ಬಿಳಿ, ಹಳದಿ ಅಥವಾ ನಸುಗೆಂಪು ಬಣ್ಣದ ನುಣುಪಾದ ಮಣ್ಣಿದೆ. ಇದೇ ಶೇಡಿ. ಒಣಗಿದ್ದಾಗ ಹಾರೆಗೂ ಜಗ್ಗದ ಈ ಮಣ್ಣು ನೀರುಂಡ ಕೂಡಲೇ ಬಲ ಕಳೆದುಕೊಳ್ಳುತ್ತದೆ. ಸುರತ್ಕಲ್ಲಿನಲ್ಲಿ 1960ರಲ್ಲಿ ಆರಂಭವಾದ, ಇಂದು ಎನ್‌ಐಟಿಕೆ ಎಂದು ಪ್ರಸಿದ್ಧವಾಗಿರುವ ಎಂಜಿನಿಯರಿಂಗ್ ಸಂಸ್ಥೆಯ ಸಂಶೋಧಕರು ಇದನ್ನು ವಿಶೇಷವಾಗಿ ಅಭ್ಯಸಿಸಿದ್ದಾರೆ. ಅವರ ಇಂಗ್ಲಿಷ್ ಪ್ರಬಂಧಗಳಲ್ಲಿಯೂ ಅದರ ಹೆಸರು ‘ಶೇಡಿ’ಯೇ. ಜನರ ಮಾತೊಂದು ಹೀಗೆ ಪ್ರಯೋಗಾಲಯದ ಪರಿಭಾಷೆಯಾಗಿರುವುದು ಗಮನಾರ್ಹ.

ಕಟ್ಟಡದ ಭಾರ ಬಿದ್ದಾಗ ಮಣ್ಣಿನ ಕಣಗಳ ನಡುವಣ ನೀರು ಹೊರಹೋಗುತ್ತದೆ, ಕಣಗಳು ಒತ್ತಾಗುತ್ತವೆ, ಮೇಲಿನ ಗೋಡೆ ಇಳಿಯುತ್ತದೆ. ಮರಳಿನಲ್ಲಿ ಇದು ಕಟ್ಟುತ್ತಿರುವಾಗಲೇ ಮುಗಿಯುತ್ತದೆ. ಜೇಡಿಯಲ್ಲಿ ವರ್ಷಗಳು ಬೇಕು. 1925ರಲ್ಲಿ ಪ್ರಕಟವಾದ ಕಾರ್ಲ್ ಟೆರ್ಜಾಗಿಯವರ ಕೃತಿ ಈ ಕ್ರಿಯೆಗೆ ಗಣಿತದ ರೂಪ ಕೊಟ್ಟಿತು. ಅದರ ಪ್ರಕಾರ ಪದರದ ದಪ್ಪ ಎರಡು ಪಟ್ಟಾದರೆ ಇಳಿತಕ್ಕೆ ಬೇಕಾದ ಕಾಲ ನಾಲ್ಕು ಪಟ್ಟಾಗುತ್ತದೆ. ಇಂದಿನ ಗಣಕಯಂತ್ರದ ಮಾದರಿಗಳು ಅಡಿಪಾಯದ ಕೆಳಗಣ ನೆಲವನ್ನು ಸಾವಿರಾರು ಸಣ್ಣ ತುಂಡುಗಳಾಗಿ ವಿಭಜಿಸಿ, ಪ್ರತಿಯೊಂದಕ್ಕೂ ತೂಕ, ಬಿಗಿತ, ಅಂಟು, ನೀರು ಹರಿಯುವ ವೇಗ ಇವುಗಳನ್ನು ಕೊಟ್ಟು, ಒಂದು ತುಂಡು ಮತ್ತೊಂದನ್ನು ಎಷ್ಟು ಒತ್ತುತ್ತದೆಂದು ಲೆಕ್ಕಹಾಕುತ್ತವೆ. ಇಡೀ ಮನೆ ಸಮನಾಗಿ ಒಂದಂಗುಲ ಇಳಿದರೆ ಹೆಚ್ಚಿನ ಬಾಧೆಯಿಲ್ಲ. ಆರು ಮೀಟರ್ ಉದ್ದದ ಗೋಡೆಯ ಒಂದು ತುದಿ ಇನ್ನೊಂದಕ್ಕಿಂತ 20 ಮಿಲಿಮೀಟರ್ ಹೆಚ್ಚು ಇಳಿದರೆ, ಅಂದರೆ ಮುನ್ನೂರರಲ್ಲಿ ಒಂದು ಪಾಲು ವಾಲಿದರೆ, ಬಿರುಕು ನಿರೀಕ್ಷಿಸಬಹುದು. ಹಾಗಾಗಿ ಮಾದರಿಯ ಮುಖ್ಯ ಉಪಯೋಗವಿರುವುದು ಅಸಮ ಇಳಿತವನ್ನು ಮೊದಲೇ ಕಾಣುವುದರಲ್ಲಿ.

ಆದರೆ ಪದರಗಳ ಗಡಿಯನ್ನು ಯಂತ್ರ ತಾನಾಗಿ ಅರಿಯದು. ಮುರಕಲ್ಲು ಎಲ್ಲಿ ಮುಗಿಯುತ್ತದೆ, ಶೇಡಿ ಎಷ್ಟು ದಪ್ಪ, ಆಟಿಯ ಮಳೆಗೆ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ನಾವೇ ಹೇಳಬೇಕು. ಒಂದೆರಡು ಕಡೆ ಕೊರೆದು ನೋಡಿ ಉಳಿದುದನ್ನು ಊಹಿಸಿದರೆ ಉತ್ತರದ ನಿಖರತೆ ಕೇವಲ ಅಂಕಿಗಳದ್ದಾಗುತ್ತದೆ. ಸ್ಥಳನಾಮಗಳು ನೆರವಾಗುವುದು ಇಲ್ಲಿ. ಬೈಲು, ಮಜಲು, ಬೆಟ್ಟು ಎಂಬುವು ಗದ್ದೆಗಳ ಎತ್ತರವನ್ನೂ ನೀರಿನ ಆಸರೆಯನ್ನೂ ಸೂಚಿಸುವ ಪದಗಳು. ಪದವು, ಅಡ್ಕಗಳು ಎತ್ತರದ ಒಣ ಸಮನೆಲ. ಬಂಟ್ವಾಳದ ವಾಮದಪದವು, ಕಲ್ಲಡ್ಕ, ಮೂಡುಬಿದಿರೆಯ ಕಲ್ಲಬೆಟ್ಟು ಇವನ್ನು ಈ ದೃಷ್ಟಿಯಿಂದ ಓದಬಹುದು. ಹೆಸರೊಂದೇ ಸಾಲದು, ನಿಜ. ಆದರೆ ಎಲ್ಲಿ ಕೊರೆಯಬೇಕೆಂಬುದನ್ನು ಅದು ತಿಳಿಸುತ್ತದೆ.

ಹಳೆಯ ಕಟ್ಟೋಣದ ಕ್ರಮವೂ ಈ ನೆಲಕ್ಕೆ ಹೊಂದಿಕೊಂಡದ್ದು. ಗಟ್ಟಿ ಮುರಕಲ್ಲು ಸಿಕ್ಕಿದಲ್ಲಿ ಅಗೆತ ನಿಲ್ಲಿಸುವುದು, ಪಂಚಾಂಗಕ್ಕೆ ತುಂಬಿದ ಮಣ್ಣನ್ನು ಒಂದು ಮಳೆಗಾಲ ಹಾಗೆಯೇ ಬಿಟ್ಟು ಅನಂತರ ಗೋಡೆ ಎಬ್ಬಿಸುವುದು ರೂಢಿಯಲ್ಲಿತ್ತು. ಎರಡನೆಯದು, ಇಳಿಯುವುದೆಲ್ಲ ಮೊದಲೇ ಇಳಿದುಹೋಗಲೆಂಬ ಉಪಾಯ. ಮೂಡುಬಿದಿರೆಯ 1430ರ ಸಾವಿರ ಕಂಬದ ಬಸದಿಯಲ್ಲಿ ಕೆಳಗೆ ಶಿಲೆಯೂ ಮೇಲಂತಸ್ತುಗಳಲ್ಲಿ ಮರವೂ ಇರುವುದರಿಂದ ಮೇಲೆ ಹೋದಂತೆ ಭಾರ ಹಗುರವಾಗುತ್ತದೆ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ನಿಂತ ಸುಮಾರು 35 ಅಡಿಯ ಗೊಮ್ಮಟನಾದರೋ ಏಕಶಿಲೆಯ ಭಾರವನ್ನೆಲ್ಲ ಒಂದೇ ಕಡೆ ನೆಲಕ್ಕೆ ಕೊಡುತ್ತಾನೆ.

ಇದನ್ನು ಹೇಳುವಾಗ ಜನಪದ ಜ್ಞಾನವನ್ನು ಅತಿಯಾಗಿ ಹೊಗಳುವ ನಮ್ಮ ಕ್ಷೇತ್ರದ ಅಭ್ಯಾಸದಿಂದ ದೂರವಿರಬೇಕು. ಅದು ಮಣ್ಣಿನ ಗೋಡೆ, ಮರದ ಮಾಡುಗಳ ಅನುಭವದಿಂದ ಬಂದದ್ದು. ಐದಂತಸ್ತಿನ ಕಾಂಕ್ರೀಟು ಕಟ್ಟಡಕ್ಕೆ ಅದರಲ್ಲಿ ಉತ್ತರವಿಲ್ಲ. ನೇತ್ರಾವತಿಯ 1974ರ ನೆರೆಯಂಥ ಸಂದರ್ಭದಲ್ಲಿ ನೀರುಂಡ ನೆಲ ಎಷ್ಟು ಬಲ ಕಳೆದುಕೊಳ್ಳುತ್ತದೆ ಎಂಬುದಕ್ಕೆ ಲೆಕ್ಕವೇ ಬೇಕು. ಇತ್ತ ಯಂತ್ರಗಳಿಂದ ಗುಡ್ಡ ತರಿದು ನಿವೇಶನ ಮಾಡುವಾಗ ಮುರಕಲ್ಲಿನ ಹೊದಿಕೆ ಹೋಗಿ ಶೇಡಿ ಬಯಲಾಗುತ್ತಿದೆ. ತರಿದ ಮಣ್ಣು ಪಕ್ಕದ ಗದ್ದೆಗೆ ಬೀಳುತ್ತಿದೆ. ಅಂಥ ನೆಲದಲ್ಲಿ ಲೆಕ್ಕವೂ ಬೇಕು, ಲೆಕ್ಕಕ್ಕೆ ಪದರಗಳ ಅರಿವೂ ಬೇಕು.

ಕ್ಷೇತ್ರಕಾರ್ಯದ ವೇಳೆ ಬಂಟ್ವಾಳ ತಾಲೂಕಿನ ಹೊಸ ಮನೆಯೊಂದರಲ್ಲಿ ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಹಬ್ಬಿದ ಬಿರುಕನ್ನು ಕಂಡೆ. ಮನೆಯ ಒಂದು ಭಾಗ ಮುರಕಲ್ಲಿನ ಮೇಲೆ, ಇನ್ನೊಂದು ತುಂಬಿದ ಮಣ್ಣಿನ ಮೇಲೆ. ಹತ್ತು ಹೆಜ್ಜೆಯ ದೂರದಲ್ಲಿ ಹಳೆಯ ಬಾವಿ. ಬಗ್ಗಿ ನೋಡಿದರೆ ಮೇಲೆ ಕೆಂಪು ಮುರಕಲ್ಲು, ಅದರಡಿಯಲ್ಲಿ ಬಿಳಿ ಶೇಡಿ, ತಳದಲ್ಲಿ ನೀರು, ಒಂದೊಂದರ ಗಡಿಯೂ ಸ್ಪಷ್ಟ. ಮನೆ ಕಟ್ಟುವ ಮುನ್ನ ಆ ಬಾವಿಯನ್ನು ಯಾರೂ ಇಣುಕಿ ನೋಡಿರಲಿಲ್ಲವೆಂದು ಮನೆಯವರು ತಿಳಿಸಿದರು.