ರಾತ್ರಿ ಧರಿಸುವ ಕಣ್ಣಿನ ಲೆನ್ಸು: ಮಕ್ಕಳಿಗೆ ಬೇಕೇ, ಬೇಡವೇ?



ಕಳೆದ ತಿಂಗಳು ಹಾಲಿನ ಸೊಸೈಟಿಯ ಬಳಿ ನನ್ನ ವಲಯದ ರೈತರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಗಳು ಐದನೆಯ ತರಗತಿಯಲ್ಲಿ ಓದುತ್ತಾಳೆ. ಎರಡು ವರ್ಷಗಳಲ್ಲಿ ಅವಳ ಕನ್ನಡಕದ ನಂಬರು ಮೂರು ಸಲ ಏರಿದೆ. ಬೆಂಗಳೂರಿನಲ್ಲಿರುವ ಅವರ ಬಾವಮೈದ, "ರಾತ್ರಿ ಮಲಗುವಾಗ ಕಣ್ಣಿಗೆ ಲೆನ್ಸು ಹಾಕಿದರೆ ಸಾಕು, ಹಗಲು ಕನ್ನಡಕವೇ ಬೇಡ" ಎಂದನಂತೆ. "ಗ್ರಾಮಸೇವಕರೇ, ಒಂದು ಹಸು ಮಾರಿದರೆ ಖರ್ಚಿಗಾಗುತ್ತದೆ. ಮಾರಿಬಿಡಲೇ?" ಎಂದು ಕೇಳಿದರು.

ನಾನು ಕೃಷಿ ಡಿಪ್ಲೊಮಾ ಓದಿದವನು, ವೈದ್ಯನಲ್ಲ. ಹಸುವಿನ ವಿಷಯ ಹೇಳಬಲ್ಲೆ, ಕಣ್ಣಿನ ವಿಷಯ ಹೇಳಲಾರೆ. ಆದುದರಿಂದ ಕಣ್ಣಿನ ವೈದ್ಯರನ್ನು ಕಂಡು ವಿಚಾರಿಸಿದೆ. ತಿಳಿದುದನ್ನು ನಿಮ್ಮೆಲ್ಲರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಸಮೀಪದೃಷ್ಟಿ ಎಂದರೇನು?

ಕೈಯಲ್ಲಿರುವ ಪುಸ್ತಕ ಚೆನ್ನಾಗಿ ಕಾಣುತ್ತದೆ, ದೂರದ ಕಪ್ಪು ಹಲಗೆ ಮಸುಕಾಗುತ್ತದೆ. ಇದೇ ಸಮೀಪದೃಷ್ಟಿ. ಮಕ್ಕಳಲ್ಲಿ ಇದಕ್ಕೆ ಮುಖ್ಯ ಕಾರಣ ಕಣ್ಣುಗುಡ್ಡೆ ಅಳತೆ ಮೀರಿ ಉದ್ದಕ್ಕೆ ಬೆಳೆಯುವುದು. ದೊಡ್ಡವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಇರುತ್ತದೆ. ಒಂದೇ ಒಂದು ಮಿಲಿಮೀಟರ್ ಹೆಚ್ಚಾಗಿ ಬೆಳೆದರೂ ಕನ್ನಡಕದ ನಂಬರು ಸುಮಾರು ಎರಡೂವರೆಯಷ್ಟು ಏರುತ್ತದೆ. ಆಗ ದೂರದಿಂದ ಬಂದ ಬೆಳಕು ಕಣ್ಣಿನ ಹಿಂಭಾಗದ ಪರದೆಯನ್ನು ಮುಟ್ಟುವ ಮೊದಲೇ ಒಂದುಗೂಡಿಬಿಡುತ್ತದೆ.

ಹೀಗೆ ಬೆಳೆದ ಕಣ್ಣನ್ನು ಮತ್ತೆ ಗಿಡ್ಡ ಮಾಡಲು ಬರುವುದಿಲ್ಲ. ನಂಬರು ಬಹಳ ಏರಿದವರಿಗೆ ಮುಂದೆ ಆ ಪರದೆ ಕಳಚಿಕೊಂಡು ದೃಷ್ಟಿಯೇ ಹೋಗುವ ಅಪಾಯ ಇತರರಿಗಿಂತ ಹೆಚ್ಚು. ಆದುದರಿಂದ ಬೆಳೆಯುವ ವಯಸ್ಸಿನಲ್ಲಿಯೇ ಏರಿಕೆಯನ್ನು ನಿಧಾನಗೊಳಿಸಬೇಕು.

ಲೆನ್ಸು ಮಾಡುವ ಕೆಲಸ

ಇದು ಗಟ್ಟಿಯಾದ, ಆದರೆ ಗಾಳಿ ಹಾಯುವ ಸಣ್ಣ ಬಿಲ್ಲೆ. ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತಿರುವ ಪದರದ ಮೇಲೆ ಕೂರುತ್ತದೆ. ರಾತ್ರಿ ಸುಮಾರು ಎಂಟು ಗಂಟೆಯ ಕಾಲ ಆ ಪದರದ ನಡುಭಾಗವನ್ನು ತುಸು ಚಪ್ಪಟೆ ಮಾಡುತ್ತದೆ. ಬೆಳಿಗ್ಗೆ ತೆಗೆದರೆ ಹಗಲೆಲ್ಲ ಕನ್ನಡಕವಿಲ್ಲದೆ ಕಾಣುತ್ತದೆ. ಇದು ಶಾಶ್ವತವಲ್ಲ. ಗರಿಕೆಯ ಮೇಲಿಟ್ಟ ಕಲ್ಲನ್ನು ತೆಗೆದರೆ ಹುಲ್ಲು ಮತ್ತೆ ಏಳುವಂತೆ, ಲೆನ್ಸು ಬಿಟ್ಟರೆ ಪದರ ಹಳೆಯ ಆಕಾರಕ್ಕೇ ಬರುತ್ತದೆ.

ಅಮೆರಿಕದ ಜಾರ್ಜ್ ಜೆಸ್ಸೆನ್ ಎಂಬ ದೃಷ್ಟಿತಜ್ಞರು 1962ರಲ್ಲಿ ಈ ಮಾರ್ಗವನ್ನು ಮುಂದಿಟ್ಟರು. ರಾತ್ರಿ ಧರಿಸುವ ಲೆನ್ಸಿಗೆ ಅಲ್ಲಿನ ಸರ್ಕಾರ 2002ರಲ್ಲಿ ಅನುಮತಿ ಕೊಟ್ಟಿತು. ಹಾಂಗ್‌ಕಾಂಗಿನಲ್ಲಿ 6ರಿಂದ 10 ವರ್ಷದ ಮಕ್ಕಳನ್ನು ಎರಡು ವರ್ಷ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಕನ್ನಡಕ ಹಾಕಿದವರಿಗಿಂತ ಈ ಲೆನ್ಸು ಧರಿಸಿದವರ ಕಣ್ಣು ಶೇಕಡಾ 43ರಷ್ಟು ಕಡಿಮೆ ಉದ್ದಕ್ಕೆ ಬೆಳೆದಿತ್ತು. ಏರಿಕೆ ನಿಧಾನವಾಯಿತು, ನಿಂತುಹೋಗಲಿಲ್ಲ ಎಂಬುದನ್ನು ಗಮನಿಸಬೇಕು.

ಅಪಾಯವೆಲ್ಲಿದೆ?

ಶುಚಿತ್ವ ತಪ್ಪಿದರೆ ಕಣ್ಣಿನಲ್ಲಿ ಹುಣ್ಣಾಗಿ ಶಾಶ್ವತವಾದ ಕಲೆ ಉಳಿಯಬಹುದು. 10,000 ಮಕ್ಕಳು ಒಂದು ವರ್ಷ ಧರಿಸಿದರೆ ಸುಮಾರು 14 ಮಕ್ಕಳಿಗೆ ಇಂಥ ಸೋಂಕು ತಗಲಬಹುದೆಂದು ಅಮೆರಿಕದ ಒಂದು ಅಧ್ಯಯನ ಅಂದಾಜು ಮಾಡಿದೆ. ಲೆನ್ಸಿಗೆ ನೀರೇ ದೊಡ್ಡ ಶತ್ರು. ಅಕಾಂತಮೀಬಾ ಎಂಬ ಬರಿಗಣ್ಣಿಗೆ ಕಾಣದ ಜೀವಿ ನಲ್ಲಿಯ ನೀರಿನಲ್ಲಿಯೂ ಇರಬಹುದು. ಆದುದರಿಂದ ಲೆನ್ಸು ಹಾಕಿಸುವವರು ಈ ನಿಯಮಗಳನ್ನು ಒಂದು ರಾತ್ರಿಯೂ ಮೀರಕೂಡದು:

1. ಸೋಪಿನಿಂದ ಕೈ ತೊಳೆದು, ಶುಭ್ರವಾದ ಬಟ್ಟೆಯಿಂದ ಪೂರ್ತಿ ಒರೆಸಿಕೊಂಡೇ ಲೆನ್ಸು ಮುಟ್ಟಬೇಕು.

2. ಬೋರಿನ ನೀರು, ನಲ್ಲಿ ನೀರು, ಕಾಯಿಸಿ ಆರಿಸಿದ ನೀರು, ಎಂಜಲು ಯಾವುದೂ ಲೆನ್ಸಿಗೆ ತಾಕಬಾರದು. ವೈದ್ಯರು ಹೇಳಿದ ದ್ರಾವಣದಲ್ಲಿಯೇ ತೊಳೆದಿಡಬೇಕು.

3. ತಾಯಿ ಅಥವಾ ತಂದೆ ಎದುರಿಗೆ ಕುಳಿತೇ ಹಾಕಿಸಬೇಕು, ತೆಗೆಸಬೇಕು.

4. ಕಣ್ಣು ಕೆಂಪಾದರೆ, ನೋವು ಬಂದರೆ, ಬೆಳಕು ನೋಡಲಾಗದಿದ್ದರೆ ಲೆನ್ಸು ತೆಗೆದು ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಎದೆಹಾಲು, ಹರಳೆಣ್ಣೆ ಬಿಟ್ಟು ಕಾಯುತ್ತ ಕೂರಬಾರದು.

ಹಾಗಾದರೆ ಏನು ಮಾಡಬೇಕು?

ಮೊದಲು ಕಣ್ಣಿನ ಪರೀಕ್ಷೆ. ಮಗು ಹಲಗೆಯ ಅಕ್ಷರ ಕಾಣದೆ ಹಿಂದೆ ಬಿದ್ದರೆ ದಡ್ಡನೆಂದು ಗದರಿಸಬೇಡಿ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿವಾರಣಾ ಕಾರ್ಯಕ್ರಮದಲ್ಲಿ ದೃಷ್ಟಿದೋಷವುಳ್ಳ ಶಾಲಾ ಮಕ್ಕಳಿಗೆ ಉಚಿತ ಕನ್ನಡಕ ಕೊಡುವ ಏರ್ಪಾಡಿದೆ. ಕನ್ನಡಕ ಹಾಕಿದರೆ ನಂಬರು ಏರುತ್ತದೆ ಎಂಬ ಮಾತು ಸುಳ್ಳು.

ಎರಡನೆಯದು ಬಯಲು. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಶಾಲಾದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಆಡಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ವರ್ಷಗಳಲ್ಲಿ ಇತರ ಶಾಲೆಗಳಲ್ಲಿ ನೂರಕ್ಕೆ ಸುಮಾರು 40 ಮಕ್ಕಳಿಗೆ ಸಮೀಪದೃಷ್ಟಿ ಬಂದರೆ, ಈ ಶಾಲೆಗಳಲ್ಲಿ ಸುಮಾರು 30 ಮಕ್ಕಳಿಗೆ ಮಾತ್ರ ಬಂದಿತು. ದೋಷ ಇನ್ನೂ ಬಾರದ ಮಕ್ಕಳಿಗೆ ಇದು ಕಾಸಿಲ್ಲದ ರಕ್ಷಣೆ.

ಮೂರನೆಯದಾಗಿ, ನಂಬರು ಬೇಗಬೇಗ ಏರುತ್ತಿದ್ದರೆ ವೈದ್ಯರನ್ನು ವಿಚಾರಿಸಿ. ರಾತ್ರಿಯ ಲೆನ್ಸಲ್ಲದೆ ಹನಿ ಔಷಧವೂ, ವಿಶೇಷ ಕನ್ನಡಕವೂ ಇವೆ. ನಿಮ್ಮ ಮಗುವಿಗೆ ಯಾವುದು ಹೊಂದುವುದೆಂದು ಅವರೇ ಹೇಳಬೇಕು.

ಆ ರೈತರಿಗೆ ಇದನ್ನೆಲ್ಲ ಹೇಳಿ, "ಹಸುವನ್ನು ಒಂದೇ ಸಲ ಮಾರಬಹುದು. ಲೆನ್ಸು, ದ್ರಾವಣ, ತಪಾಸಣೆಯ ಖರ್ಚು ಮತ್ತೆ ಮತ್ತೆ ಬರುತ್ತದೆ" ಎಂದೆ. ಅವರು ಮಗಳನ್ನು ವೈದ್ಯರಿಗೆ ತೋರಿಸಿದರು. ಲೆನ್ಸು ಆಗಬಹುದೆಂದರೂ, ದಿನವೂ ನಿಗಾ ಇಡುವವರು ಯಾರು ಎಂದು ವೈದ್ಯರು ಕೇಳಿದರಂತೆ. ಗಂಡಹೆಂಡಿರಿಬ್ಬರೂ ನಸುಕಿನಲ್ಲೇ ಹಾಲು ಕರೆಯಲು ಏಳುವವರು. ಯೋಚಿಸಿ, ಸದ್ಯಕ್ಕೆ ಹನಿ ಔಷಧವನ್ನೇ ಒಪ್ಪಿ ಬಂದಿದ್ದಾರೆ. ಆರು ತಿಂಗಳಿಗೆ ಮತ್ತೆ ತೋರಿಸಬೇಕು. ಹುಡುಗಿ ಹೊಸ ಕನ್ನಡಕದಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಅವಳ ತಮ್ಮನನ್ನು ಸಂಜೆ ಮೊಬೈಲು ಬಿಡಿಸಿ ಆಟಕ್ಕೆ ಕಳುಹಿಸುತ್ತಿದ್ದಾರೆ.

ನಿಮ್ಮ ಮನೆಯಲ್ಲಿಯೂ ಇಂದೇ ಒಂದು ಕೆಲಸ ಮಾಡಿ. ಮಗುವಿನ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ದೂರದಿಂದ ಬರುವ ಬಸ್ಸಿನ ಬೋರ್ಡನ್ನು ಓದಿಸಿ. ಬಳಿಕ ಇನ್ನೊಂದು ಕಣ್ಣು. ಒಂದರಲ್ಲಿ ತಡವರಿಸಿದರೂ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇಂತು, ನಿಮ್ಮ ಗ್ರಾಮಸೇವಕ